ಹದಿನಾರು ಮಿಲಿಮೀಟರಿನ ಗತ್ತು

ಪೋರ್ಷೆ 911ರ 997 ಸರಣಿಯ ಎರಡು ಕಾರುಗಳು ಪಕ್ಕಪಕ್ಕ ನಿಂತಿವೆ ಎಂದುಕೊಳ್ಳಿ. ಒಂದು ಕರೆರಾ ಎಸ್, ಇನ್ನೊಂದು ಕರೆರಾ 4ಎಸ್. ಮುಂದಿನಿಂದ ನೋಡಿದರೆ ಅವಳಿಜವಳಿ. ಹಿಂದಕ್ಕೆ ಹೋಗಿ ನಿಂತರೆ ಗುಟ್ಟು ರಟ್ಟಾಗುತ್ತದೆ. ಕರೆರಾ ಎಸ್ ಮೈಯಗಲ 1808 ಮಿ.ಮೀ.; 4ಎಸ್‌ನದು 1852. ಈ 44 ಮಿ.ಮೀ. ಅಷ್ಟೂ ಬಂದಿರುವುದು ಹಿಂದಿನ ಮಡ್‌ಗಾರ್ಡಿನ ಉಬ್ಬಿನಲ್ಲಿ. ಹಿಂಚಕ್ರದ ರಿಮ್ ಎರಡಕ್ಕೂ ಒಂದೇ ಅಳತೆಯದು, 19 ಅಂಗುಲ ಎತ್ತರ, 11 ಅಂಗುಲ ಅಗಲ. ರಿಮ್ಮಿನ ಮೇಲೆ ಅಚ್ಚಾಗಿರುವ ಆಫ್‌ಸೆಟ್ ಅಂಕಿ, ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮೈವರೆಗಿನ ಅಂತರ, ಮಾತ್ರ ಬೇರೆ. ಈ ಅಂಕಿ ಸಣ್ಣದಾದಷ್ಟೂ ಚಕ್ರ ಹೊರಕ್ಕೆ. ಕರೆರಾ ಎಸ್‌ನಲ್ಲಿ ‘ಇಟಿ 67’, 4ಎಸ್‌ನಲ್ಲಿ ‘ಇಟಿ 51’. ವ್ಯತ್ಯಾಸ 16 ಮಿ.ಮೀ. ಬದಿಗೆ 16ರಂತೆ ಎರಡೂ ಸೇರಿ 32. ಹಿಂಚಕ್ರಗಳ ನಡುವಿನ ಅಂತರ, ಅಂದರೆ ಟ್ರ್ಯಾಕ್, 1516ರಿಂದ 1548 ಮಿ.ಮೀ.ಗೆ ಏರಿದ್ದು ಹೀಗೆ.

ಕರೆರಾ ಎಸ್ ಕೊಂಡವನ ಸಂಕಟ ಶುರುವಾಗುವುದೂ ಇಲ್ಲೇ. ತನ್ನ ಕಾರಿನ ಚಕ್ರ ಮಡ್‌ಗಾರ್ಡಿನೊಳಗೆ ಸಂಕೋಚದಿಂದ ಕೂತಂತೆ ಕಾಣತೊಡಗುತ್ತದೆ. ಬೇರೆ ಆಫ್‌ಸೆಟ್ಟಿನ ರಿಮ್ ತರಿಸಬೇಕಾದರೆ ಲಕ್ಷಗಳ ಮಾತು. ಅಗಲ ಮೈಯ ಕಾರಿಗೇ ಬದಲಾಯಿಸುವುದು ಅದಕ್ಕೂ ಮೀರಿದ ಮಾತು. ಕೈಗೆ ಎಟಕುವುದು ವೀಲ್ ಸ್ಪೇಸರ್. ಹಬ್ಬಿಗೂ ರಿಮ್ಮಿಗೂ ನಡುವೆ ಕೂರುವ ಅಲ್ಯೂಮಿನಿಯಂ ಬಿಲ್ಲೆ ಅದು. ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಕ್ಕೆ. 67 ಆಫ್‌ಸೆಟ್ಟಿನ ರಿಮ್ಮಿಗೆ 16 ಮಿ.ಮೀ. ಬಿಲ್ಲೆ ಕೊಟ್ಟರೆ ಲೆಕ್ಕಕ್ಕೆ 51 ಆಯಿತು. ಉದ್ದನೆಯ ಬೋಲ್ಟು, ಅರ್ಧ ದಿನದ ಕೆಲಸ. ಸಂಜೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ, ಲಿಫ್ಟಿನ ತನಕ ನಡೆದು, ಮತ್ತೆ ಹಿಂದಿರುಗಿ ನೋಡುವ ಸುಖ.

ಈ ಸುಖವನ್ನು ನಾನು ಹೀಗಳೆಯುವುದಿಲ್ಲ. ಕಾರಿನ ನಿಲುವು ಕಣ್ಣಿಗೆ ಒಪ್ಪಬೇಕು ಎಂಬ ಹಟ ಹೊಸ ಹುಡುಗರ ಶೋಕಿ ಏನಲ್ಲ. ಮಾರಿಸ್ ಮೈನರ್ ಕಾರು ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ನಮ್ಮಲ್ಲಿ ಅದೇ ಕಾರು ಹಿಂದುಸ್ತಾನ್ ಮೋಟರ್ಸ್ ಕೈಯಲ್ಲಿ ‘ಬೇಬಿ ಹಿಂದುಸ್ತಾನ್’ ಆಗಿ ಓಡಾಡಿತು. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್‌ಗೆ, ಕಾರು ಹೆಚ್ಚುಕಮ್ಮಿ ತಯಾರಾದ ಮೇಲೆ, ಏನೋ ಸರಿಯಿಲ್ಲ ಅನಿಸಿತು. ಅಗಲ ಸಾಲದು, ಎತ್ತರ ಜಾಸ್ತಿ ಆದಂತೆ ಕಾಣುತ್ತದೆ. ಆತ ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಹೋಳುಗಳನ್ನು ದೂರ ದೂರ ಸರಿಸುತ್ತ ಹೋಗಿ, ಕಣ್ಣಿಗೆ ಒಪ್ಪಿದಲ್ಲಿ ನಿಲ್ಲಿಸಿದ. ಅಂತರ 4 ಅಂಗುಲ. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೇಳದಲ್ಲಿ ಕಾರು ಹೊರಬಂದಾಗ ಬಾನೆಟ್ಟಿನ ನಡುವೆ ಚಪ್ಪಟೆ ಪಟ್ಟಿಯೊಂದು ಇತ್ತು. ಮೊದಲೇ ಮಾಡಿಟ್ಟಿದ್ದ ಬಂಪರುಗಳನ್ನು ನಡುವೆ ಕತ್ತರಿಸಿ, ತುಂಡು ತಗಡು ಸೇರಿಸಿ ಸರಿದೂಗಿಸಿದ್ದರು. ಹಳೆಯ ಮೈನರ್ ಎದುರಾದರೆ ನೋಡಿ, ಆ ಪಟ್ಟಿ ಇಂದಿಗೂ ಕಾಣುತ್ತದೆ. ನೋಟಕ್ಕೆಂದು ಹಿಗ್ಗಿಸಿದ ಆ 4 ಅಂಗುಲ ಕಾರಿನ ತಿರುವಿನ ಸಾಮರ್ಥ್ಯವನ್ನೂ ಹೆಚ್ಚಿಸಿತು, ಒಳಗೆ ಕೂರಲು ಜಾಗವನ್ನೂ ಕೊಟ್ಟಿತು.

ಅಮೆರಿಕದಲ್ಲಿ 1959ರ ಪಾಂಟಿಯಾಕ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ಹೊಸ ಮೈ ಅಗಲವಾಗಿತ್ತು, ಹಳೆಯ ಚಾಸಿಯ ಚಕ್ರಗಳು ಒಳಗೆಲ್ಲೋ ಉಳಿದಿದ್ದವು. ಚಕ್ರಗಳ ಅಂತರವನ್ನು ಸುಮಾರು 5 ಅಂಗುಲ ಹೆಚ್ಚಿಸಿ, ‘ವೈಡ್ ಟ್ರ್ಯಾಕ್’ ಎಂದು ಜಾಹೀರಾತು ಹೊಡೆದು, ವರ್ಷಗಟ್ಟಲೆ ಅದೇ ಹೆಸರಿನಲ್ಲಿ ಕಾರು ಮಾರಿದರು. ಪೋರ್ಷೆಯಂತೂ 1973ರ ಕರೆರಾ ಆರ್‌ಎಸ್ 2.7ರಲ್ಲಿ ಮುಂದೆ 6 ಅಂಗುಲ, ಹಿಂದೆ 7 ಅಂಗುಲದ ರಿಮ್ ಕೊಟ್ಟು, ಅದಕ್ಕೆ ತಕ್ಕಂತೆ ಹಿಂದಿನ ಮಡ್‌ಗಾರ್ಡ್ ಉಬ್ಬಿಸಿತು. ಆಮೇಲೆ ಬಂದ ಟರ್ಬೊ ಇನ್ನೂ ಉಬ್ಬಿತು. 911ರ ಹಿಂಭಾಗ ಅಗಲವಾಗಿದ್ದಷ್ಟೂ ಚೆಂದ ಎಂಬ ನಂಬಿಕೆ ಬೇರೂರಿದ್ದು ಅಲ್ಲಿಂದ. 997ರ ಕಾಲಕ್ಕೆ ಕಂಪನಿಯೇ 5 ಮಿ.ಮೀ. ಸ್ಪೇಸರುಗಳನ್ನು ಹೆಚ್ಚುವರಿ ಸಾಮಾನಿನ ಪಟ್ಟಿಯಲ್ಲಿಟ್ಟು ಮಾರುತ್ತಿತ್ತು. ಆದ್ದರಿಂದ ಸ್ಪೇಸರ್ ಎಂದ ಕೂಡಲೇ ‘ಅಯ್ಯೋ, ಅಪಾಯ’ ಎನ್ನುವವರ ಮಾತು ಪೂರ್ತಿ ನಿಜವಲ್ಲ.

ಹಾಕಿಸಿದವರು ಹೇಳಿಕೊಳ್ಳುವ ಇನ್ನೊಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ‘ನೋಟಕ್ಕಲ್ಲ ಸಾರ್, ಹ್ಯಾಂಡ್ಲಿಂಗ್‌ಗೆ’ ಎನ್ನುತ್ತಾರಲ್ಲ, ಅದಕ್ಕೆ.

ಲೆಕ್ಕ ಹಾಕಿಯೇ ನೋಡೋಣ. ಕಾರು ತಿರುವಿನಲ್ಲಿ ವಾಲಿದಾಗ ಒಳಗಿನ ಚಕ್ರಗಳ ಭಾರ ಒಂದಿಷ್ಟು ಹೊರಗಿನ ಚಕ್ರಗಳ ಮೇಲೆ ಹೋಗಿ ಬೀಳುತ್ತದೆ. ಟೈರಿನ ಸ್ವಭಾವ ಹೇಗೆಂದರೆ, ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಭಾರ ಎಷ್ಟು ಕಡಿಮೆ ಸರಿದಾಡಿದರೆ ಅಷ್ಟು ಒಳ್ಳೆಯದು. ಚಾಲಕನೂ ಸೇರಿ 1500 ಕೆ.ಜಿ. ತೂಗುವ ಕಾರು, ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿ ಭಾರಕೇಂದ್ರ, ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ ಇಟ್ಟುಕೊಳ್ಳಿ. ಗುರುತ್ವದ ಹತ್ತರಲ್ಲಿ ಒಂಬತ್ತು ಪಾಲು ಬಲದಲ್ಲಿ ತಿರುವು ತೆಗೆದುಕೊಂಡರೆ (ಇದು ಊರ ರಸ್ತೆಯಲ್ಲಿ ಯಾರೂ ಮಾಡದ, ಮಾಡಬಾರದ ವೇಗ) 450 ಕೆ.ಜಿ. ಭಾರ ಹೊರಬದಿಗೆ ಸರಿಯುತ್ತದೆ. ಈಗ ನಾಲ್ಕೂ ಚಕ್ರಕ್ಕೆ 15 ಮಿ.ಮೀ. ಸ್ಪೇಸರ್ ಹಾಕಿ. ಅಂತರ 1.53 ಮೀಟರ್ ಆಯಿತು. ಸರಿಯುವ ಭಾರ 441 ಕೆ.ಜಿ. ಉಳಿದದ್ದು 9 ಕೆ.ಜಿ., ಶೇ 2ರಷ್ಟು. ರೇಸ್ ಟ್ರ್ಯಾಕಿನಲ್ಲಿ ಗಡಿಯಾರ ಹಿಡಿದು ಓಡಿಸುವವನಿಗೆ ಅದೂ ಬೇಕು. ನೈಸ್ ರಸ್ತೆಯಲ್ಲಿ ಟೋಲ್ ಕಟ್ಟಿ ಹೋಗುವವನಿಗೆ ಅದು ತಿಳಿಯುವುದೂ ಇಲ್ಲ. ಒಳ್ಳೆಯ ಟೈರು ಹಾಕಿಸಿ, ಗಾಳಿ ಸರಿಯಾಗಿ ನೋಡಿಕೊಂಡರೆ ಇದಕ್ಕಿಂತ ಹೆಚ್ಚು ಲಾಭ.

ಅಗಲಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಫಾರ್ಮುಲಾ ಒನ್ ಕಾರುಗಳ ವೇಗ ತಗ್ಗಿಸಬೇಕೆಂದು 1998ರಲ್ಲಿ ನಿಯಮ ಬದಲಿಸಿದಾಗ ಅವುಗಳ ಅಗಲವನ್ನು 2000 ಮಿ.ಮೀ.ನಿಂದ 1800ಕ್ಕೆ ಇಳಿಸಿದರು. ವೇಗ ಮತ್ತೆ ಬೇಕೆನಿಸಿದಾಗ, 2017ರಲ್ಲಿ, 2000ಕ್ಕೇ ಮರಳಿದರು. ಅದು 200 ಮಿ.ಮೀ. ಮಾತು. ನಮ್ಮದು ಮೂವತ್ತರ ಮಾತು.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿಬಿಡುವುದಿಲ್ಲ. ಹೆಚ್ಚಿನವರು ಸ್ಪೇಸರ್ ಹಾಕಿಸುವುದು ಹಿಂಚಕ್ರಕ್ಕೆ ಮಾತ್ರ, ಗತ್ತು ಕಾಣುವುದು ಅಲ್ಲಿ ತಾನೆ. ಆದರೆ ಹಿಂದೆ ಮಾತ್ರ ಅಗಲಿಸಿದರೆ ಹಿಂದಿನ ಹಿಡಿತ ಹೆಚ್ಚಿ, ಅದರ ಹೋಲಿಕೆಯಲ್ಲಿ ಮುಂದಿನ ಚಕ್ರಗಳು ಬಡವಾಗುತ್ತವೆ. ಸ್ಟೀರಿಂಗ್ ತಿರುಗಿಸಿದರೂ ಕಾರಿನ ಮೂಗು ನೇರಕ್ಕೇ ಎಳೆಯುವ ಸ್ವಭಾವ ಸ್ವಲ್ಪ ಹೆಚ್ಚುತ್ತದೆ. ಎಂಜಿನ್ನನ್ನು ಬೆನ್ನಿಗೆ ಹೊತ್ತ, ಮೂಗು ಹಗುರವಾದ 911ರಲ್ಲಿ ಇದು ಬೇಕಾದ ಗುಣವೇನಲ್ಲ. ಹಾಗೆಂದು ಮುಂದೆಯೂ ಹಾಕಿಸಿದಿರಾ, ಅಲ್ಲಿ ಬೇರೆ ತಕರಾರು. ಸ್ಟೀರಿಂಗಿಗೆ ತಕ್ಕಂತೆ ಮುಂಚಕ್ರ ಹೊರಳುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರಿನ ನಡುಮಧ್ಯದ ಹತ್ತಿರ ಎಲ್ಲೋ ಬಂದು ಮುಟ್ಟುತ್ತದೆ. ಆ ಎರಡರ ನಡುವಿನ ಸಣ್ಣ ಅಂತರವನ್ನು ಎಂಜಿನಿಯರುಗಳು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ, ಅದನ್ನು ಮಿಲಿಮೀಟರಿನಲ್ಲಿ ಅಳೆದು ತೂಗಿ ಇಟ್ಟಿರುತ್ತಾರೆ. 1972ರ ಆಡಿ 80 ಕಾರಿನಲ್ಲಿ ಗೆರೆ ಟೈರಿನ ನಡುವಿನಿಂದ ಹೊರಗೆ ಬೀಳುವ ಹಾಗೆ ಮಾಡಿ, ಒಂದು ಬದಿಯ ಚಕ್ರ ಮಣ್ಣಿನ ಮೇಲಿದ್ದಾಗ ಬ್ರೇಕ್ ಹಾಕಿದರೂ ಕಾರು ನೇರ ನಿಲ್ಲುವಂತೆ ಮಾಡಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ನಾವು 15 ಮಿ.ಮೀ. ಬಿಲ್ಲೆ ತುರುಕಿದರೆ ಆಡಿಯದಕ್ಕೆ ಉಲ್ಟಾ ಆಗಿ, ಟೈರಿನ ನಡುವೇ ಗೆರೆಯಿಂದ ಅಷ್ಟು ಹೊರಕ್ಕೆ ಸರಿಯುತ್ತದೆ. ಫಲ ಏನೆಂದರೆ, ರಸ್ತೆಯ ಹಳ್ಳ, ಲಾರಿ ಕೊರೆದ ಗೀರು, ಅರ್ಧ ಒದ್ದೆ ಅರ್ಧ ಒಣ ಡಾಂಬರು, ಎಲ್ಲವೂ ಸ್ಟೀರಿಂಗನ್ನು ಕೈಯಲ್ಲಿ ಎಳೆದಾಡುತ್ತವೆ. ಕೆಲವರು ಇದನ್ನೇ ‘ರೋಡ್ ಫೀಲ್ ಜಾಸ್ತಿಯಾಯ್ತು’ ಎಂದು ಖುಷಿಪಡುತ್ತಾರೆ. ಪಡಲಿ.

ಬೇರಿಂಗ್ ಬಗ್ಗೆ ಎರಡೂ ಕಡೆಯವರು ಅತಿರೇಕದ ಮಾತಾಡುತ್ತಾರೆ. ಚಕ್ರ ಹೊರಕ್ಕೆ ಹೋದಷ್ಟೂ ಹಬ್ ಬೇರಿಂಗ್ ಮೇಲಿನ ಸನ್ನೆಯ ಒತ್ತಡ ಹೆಚ್ಚುವುದು ನಿಜ. ನಾಳೆಯೇ ಬೇರಿಂಗ್ ಪುಡಿಯಾಗುತ್ತದೆ ಎಂಬುದು ನಿಜವಲ್ಲ. ಐದು ಮಿ.ಮೀ.ಗೆ ಏನೂ ಗೊತ್ತಾಗುವುದಿಲ್ಲ. ಇಪ್ಪತ್ತೈದು, ಮೂವತ್ತಕ್ಕೆ ಹೋದರೆ ಆಯುಸ್ಸು ಕಡಿಮೆಯಾಗುತ್ತದೆ, ನಮ್ಮ ಹಂಪುಗಳ ಮೇಲೆ ಇನ್ನೂ ಬೇಗ. ಹಳ್ಳಿಯ ಓದುಗರು ಕೇಳಬಹುದು, ಟ್ರ್ಯಾಕ್ಟರಿನ ದೊಡ್ಡ ಗಾಲಿಯ ರಿಮ್ಮನ್ನು ತಿರುವಿಹಾಕಿ ಸಾಲಿನ ಅಂತರಕ್ಕೆ ತಕ್ಕಂತೆ ಅಗಲ ಮಾಡಿಕೊಳ್ಳುವುದಿಲ್ಲವೇ ಎಂದು. ಮಾಡಿಕೊಳ್ಳುತ್ತೇವೆ, ಏಕೆಂದರೆ ಟ್ರ್ಯಾಕ್ಟರಿನ ಆಕ್ಸಲ್ಲನ್ನು ಆ ಎಲ್ಲ ಅಗಲಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಮಾಡಿರುತ್ತಾರೆ. ಕಾರಿನದು ಹಾಗಲ್ಲ.

ನಿಜವಾದ ಅಪಾಯ ಇರುವುದು ಬೋಲ್ಟಿನಲ್ಲಿ. ಬೆಂಗಳೂರಿನ ಟೈರಂಗಡಿಯೊಂದರಲ್ಲಿ ಅದನ್ನು ಪಾಠ ಹೇಳಿದಂತೆ ತೋರಿಸಿಕೊಟ್ಟವರು ಒಬ್ಬ ಹಿರಿಯ ಮೆಕ್ಯಾನಿಕ್. ಜರ್ಮನ್ ಕೂಪೆಯೊಂದು ಜಾಕಿಯ ಮೇಲೆ ನಿಂತಿತ್ತು. ಪಕ್ಕದಲ್ಲಿ 10 ಮಿ.ಮೀ. ಸ್ಪೇಸರುಗಳ ಪೊಟ್ಟಣ, ಅದರ ಪಕ್ಕ ಕಾರಿನ ಒಡೆಯ, ಮೂವತ್ತು ದಾಟದ ಹುಡುಗ.

‘ಹತ್ತು ಎಂಎಂ ತಾನೆ ಅಣ್ಣಾ, ಇದೇ ಬೋಲ್ಟಲ್ಲಿ ಹಾಕ್ಬಿಡಿ. ಉದ್ದದ್ದು ಬರೋಕೆ ವಾರ ಆಗುತ್ತಂತೆ.’

‘ಬನ್ನಿ ಸಾರ್, ನೀವೇ ಹಾಕಿ’ ಎಂದು ಅವರು ಬೋಲ್ಟನ್ನು ಹುಡುಗನ ಕೈಗಿಟ್ಟರು. ‘ಪಾನಾ ಬೇಡ. ಕೈಯಲ್ಲೇ ತಿರುಗಿಸಿ, ಎಷ್ಟು ಸುತ್ತು ಹೋಗುತ್ತೆ ಎಣಿಸಿ.’

ಮೊದಲು ಸ್ಪೇಸರ್ ಇಲ್ಲದೆ. ಒಂದು, ಎರಡು ಎಂದು ಎಣಿಸುತ್ತ ಹತ್ತನೆಯ ಸುತ್ತಿಗೆ ಬೋಲ್ಟಿನ ತಲೆ ರಿಮ್ಮಿಗೆ ಬಂದು ಕೂತಿತು. ಆಮೇಲೆ ಸ್ಪೇಸರ್ ಇಟ್ಟು. ಒಂದು, ಎರಡು, ಮೂರು, ಮೂರೂ ಚಿಲ್ಲರೆ. ನಿಂತಿತು. ಆ ಬೋಲ್ಟಿನ ಒಂದು ಸುತ್ತೆಂದರೆ ಒಂದೂವರೆ ಮಿ.ಮೀ.; ಹತ್ತು ಮಿ.ಮೀ. ಬಿಲ್ಲೆ ಆರೂವರೆಗೂ ಮಿಕ್ಕ ಸುತ್ತನ್ನು ನುಂಗಿಹಾಕಿತ್ತು. ಹುಡುಗ ಮಾತಾಡಲಿಲ್ಲ. ‘ಗನ್ ಹಿಡಿದು ಟರ್ರ್ ಅನ್ಸಿದ್ರೆ ಇದೂ ಟೈಟಾಗೇ ಕೂರುತ್ತೆ ಸಾರ್, ಅದೇ ಮೋಸ’ ಎಂದರು ಮೆಕ್ಯಾನಿಕ್. ಕಾರು ಅವತ್ತು ಹಳೆಯ ನಿಲುವಿನಲ್ಲೇ ಮನೆಗೆ ಹೋಯಿತು.

ಬೋಲ್ಟು ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಹಬ್ಬಿನ ಥ್ರೆಡ್ಡಿನೊಳಗೆ ಹೋಗಿರಬೇಕು ಎಂಬುದು ಕಸುಬಿನವರ ಲೆಕ್ಕ. 12 ಮಿ.ಮೀ. ಬೋಲ್ಟಿಗೆ, ಸುತ್ತಿಗೆ ಒಂದೂವರೆ ಮಿ.ಮೀ. ಥ್ರೆಡ್ ಇದ್ದರೆ, ಎಂಟು ಸುತ್ತು. 14ರದ್ದಕ್ಕೆ ಒಂಬತ್ತರ ಮೇಲೆ. ಹೊಸ ಬೋಲ್ಟು ಹಳೆಯದಕ್ಕಿಂತ ಸ್ಪೇಸರಿನ ದಪ್ಪದಷ್ಟೇ ಉದ್ದ ಹೆಚ್ಚಿರಬೇಕು, ಅದಕ್ಕಿಂತ ಉದ್ದವಾದರೂ ತೊಂದರೆ. ಅತಿ ಉದ್ದದ ಬೋಲ್ಟು ಹಬ್ ದಾಟಿ ಆಚೆ ಚಾಚಿ, ಹಿಂದಿನ ಡಿಸ್ಕಿನೊಳಗೆ ಕೂತಿರುವ ಹ್ಯಾಂಡ್‌ಬ್ರೇಕಿನ ಭಾಗಗಳಿಗೆ ತಗಲಬಹುದು. ಬೋಲ್ಟಿನ ಕುತ್ತಿಗೆಯ ಆಕಾರವೂ ಹೊಂದಬೇಕು. ಪೋರ್ಷೆಯದು ಗೋಲಿಯಂತೆ ದುಂಡಗೆ ಕೂರುವಂಥದ್ದು, ಬೇರೆ ಹಲವು ಕಾರುಗಳಲ್ಲಿ ಮೊನಚಾಗಿ ಇಳಿಯುವಂಥದ್ದು. ದುಂಡು ಕುಳಿಯಲ್ಲಿ ಮೊನಚು ಬೋಲ್ಟು ಹಾಕಿದರೆ ಬಿಗಿಯಾದಂತೆ ಅನಿಸುತ್ತದೆ, ಆದರೆ ಸಣ್ಣದೊಂದು ಅಂಚಿನಲ್ಲಷ್ಟೇ ಕಚ್ಚಿಕೊಂಡಿರುತ್ತದೆ.

ಚಕ್ರವನ್ನು ಹಿಡಿದಿಟ್ಟಿರುವುದು ಬೋಲ್ಟಿನ ದಪ್ಪವೇ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಬೋಲ್ಟುಗಳು ರಿಮ್ಮನ್ನು ಹಬ್ಬಿಗೆ ಅದುಮಿ ಹಿಡಿಯುತ್ತವೆ. ಆ ಅದುಮಿನಿಂದ ಹುಟ್ಟುವ ಘರ್ಷಣೆಯೇ ಚಕ್ರ ಜಾರದಂತೆ ನೋಡಿಕೊಳ್ಳುತ್ತದೆ. 997ರ ಬೋಲ್ಟುಗಳಿಗೆ ಕಂಪನಿ ಹೇಳುವ ಬಿಗಿ 130 ನ್ಯೂಟನ್ ಮೀಟರ್. ಅರ್ಧ ಮೀಟರ್ ಉದ್ದದ ಪಾನಾದ ತುದಿಗೆ ಇಪ್ಪತ್ತಾರು, ಇಪ್ಪತ್ತೇಳು ಕೆ.ಜಿ. ತೂಗುಹಾಕಿದಷ್ಟು. ಅಷ್ಟಕ್ಕೆ ಒಂದೊಂದು ಬೋಲ್ಟು ನಾಲ್ಕು ಟನ್ನಿಗೂ ಮಿಕ್ಕಿ ಅದುಮುತ್ತದೆ. ಸ್ಪೇಸರ್ ಬಂದಾಗ ಒಂದಿದ್ದ ಜೋಡಣೆಯ ಮೈ ಎರಡಾಗುತ್ತದೆ. ಹಬ್ಬಿನ ಮೇಲೆ ತುಕ್ಕಿನ ಹಕ್ಕಳೆ, ಸ್ಪೇಸರಿನ ಮೇಲೆ ದಪ್ಪ ಬಣ್ಣ, ನಡುವೆ ಮರಳಿನ ಕಣ, ಯಾವುದಿದ್ದರೂ ಕೆಲವು ನೂರು ಕಿಲೋಮೀಟರಿನಲ್ಲಿ ಅದು ಸವೆದು ಪುಡಿಯಾಗಿ ಬಿಗಿ ಸಡಿಲುತ್ತದೆ. ತಂತಿ ಬ್ರಷ್ಷಿನಲ್ಲಿ ಹಬ್ ಉಜ್ಜಿ ಲೋಹ ಕಾಣುವಂತೆ ಮಾಡದೆ ಸ್ಪೇಸರ್ ಇಡಬಾರದು ಎನ್ನುವುದು ಇದಕ್ಕೇ. ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು ಎನ್ನುವುದೂ ಇದಕ್ಕೇ.

ಬಿಲ್ಲೆಯ ಗುಣಮಟ್ಟದ ಕಥೆ ಚಿಕ್ಕದು. 6061 ಅಥವಾ 7075 ದರ್ಜೆಯ ಅಲ್ಯೂಮಿನಿಯಂನಲ್ಲಿ ಕಡೆದದ್ದಿರಲಿ, ಎರಕ ಹೊಯ್ದದ್ದು ಬೇಡ. ನಡುವಿನ ರಂಧ್ರ ಹಬ್ಬಿನ ಮೂತಿಗೆ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಕೂರಬೇಕು. 911ಕ್ಕೆ ಅದು 71.6 ಮಿ.ಮೀ. ಹೊರಬದಿಯಲ್ಲಿ ರಿಮ್ ಕೂರಲು ಅದೇ ಅಳತೆಯ ಮೂತಿ ಸ್ಪೇಸರಿಗೂ ಇರಬೇಕು. ಇಲ್ಲದಿದ್ದರೆ ಚಕ್ರ ನಡುವಿಗೆ ಸರಿಯಾಗಿ ಕೂರದೆ ನೂರರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ನೀವು ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ದುಡ್ಡು ಕಳೆಯುತ್ತೀರಿ. ಜೆ.ಸಿ. ರಸ್ತೆಯ ಕಡೆ ಸಿಗುವ, ನಾಲ್ಕಾರು ಕಾರುಗಳಿಗೆ ಹೊಂದಲಿ ಎಂದು ಉದ್ದುದ್ದ ತೂತು ಕೊರೆದ ‘ಎಲ್ಲದಕ್ಕೂ ಆಗುತ್ತೆ’ ಬಿಲ್ಲೆಗಳು ಯಾವುದಕ್ಕೂ ಆಗುವುದಿಲ್ಲ. ಎರಡು ಬಿಲ್ಲೆ ಒಂದರ ಮೇಲೊಂದು ಇಡುವುದಂತೂ ಹುಚ್ಚು. ‘ಪೀಣ್ಯದಲ್ಲಿ ಲೇತ್ ಹಾಕಿಸ್ತೀನಿ’ ಎನ್ನುವವರಿದ್ದಾರೆ. ಪೀಣ್ಯದ ಲೇತುಗಳ ಕೈಚಳಕದ ಬಗ್ಗೆ ನನಗೆ ಸಂಶಯವಿಲ್ಲ. ನೀವು ಕೊಟ್ಟ ಲೋಹದ ತುಂಡು ಯಾವ ದರ್ಜೆಯದು ಎಂಬುದರ ಬಗ್ಗೆ ಇದೆ.

ಪಂಕ್ಚರ್ ಆದಾಗ ಏನು ಮಾಡುತ್ತೀರಿ ಎಂದೂ ಯೋಚಿಸಿ. ಹೆದ್ದಾರಿ ಬದಿಯ ಹುಡುಗ ಚಕ್ರ ಬಿಚ್ಚುತ್ತಾನೆ, ಸ್ಪೇಸರ್ ಕಳಚಿ ಕೆಳಗೆ ಬೀಳುತ್ತದೆ, ಅದೇನೆಂದು ಅವನಿಗೆ ಗೊತ್ತಿಲ್ಲ. ಸ್ಟೆಪ್ನಿಯನ್ನು ಸ್ಪೇಸರ್ ಇಲ್ಲದೆ ಹಾಕಿ ಉದ್ದನೆಯ ಬೋಲ್ಟುಗಳನ್ನೇ ತಿರುಗಿಸಿದರೆ ಮೇಲೆ ಹೇಳಿದ ಹ್ಯಾಂಡ್‌ಬ್ರೇಕಿನ ಫಜೀತಿ. ಕಾರಿನ ಮೂಲ ಬೋಲ್ಟುಗಳ ಒಂದು ಸೆಟ್ಟನ್ನು ಡಿಕ್ಕಿಯಲ್ಲಿ ಚೀಲ ಕಟ್ಟಿ ಇಟ್ಟುಕೊಂಡಿರುವವರೇ ಜಾಣರು.

ಇನ್ನು ಕಾನೂನು. ಜರ್ಮನಿಯಲ್ಲಿ ಈ ಹವ್ಯಾಸಕ್ಕೆ ರಾಜಮಾರ್ಗವಿದೆ. ಎಚ್ ಆ್ಯಂಡ್ ಆರ್, ಐಬಾಕ್‌ನಂಥ ತಯಾರಕರು ಯಾವ ಕಾರಿಗೆ, ಯಾವ ಟೈರಿನೊಂದಿಗೆ, ಎಷ್ಟು ದಪ್ಪದ್ದು ಹಾಕಬಹುದು ಎಂದು ಪರೀಕ್ಷೆ ಮಾಡಿಸಿದ ಪತ್ರವನ್ನು ಜೊತೆಗೇ ಕೊಡುತ್ತಾರೆ. ತಪಾಸಣಾ ಸಂಸ್ಥೆಯ ಎಂಜಿನಿಯರ್ ಟೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ನೋಡಿ ಒಪ್ಪಿಗೆ ಬರೆಯುತ್ತಾನೆ. ಚಕ್ರದ ನಡುವಿನಿಂದ ನೇರ ಮೇಲಕ್ಕೆ ಗೆರೆ ಎಳೆದರೆ, ಅದರ ಮುಂದೆ 30 ಡಿಗ್ರಿ, ಹಿಂದೆ 50 ಡಿಗ್ರಿವರೆಗೆ ಟೈರು ಮಡ್‌ಗಾರ್ಡಿನ ನೆರಳಿನಲ್ಲೇ ಇರಬೇಕು ಎಂಬುದು ಯುರೋಪಿನ ನಿಯಮ. ಕಲ್ಲು ಹಾರಿ ಹಿಂದಿನವನ ಗಾಜು ಒಡೆಯಬಾರದಲ್ಲ. ನಮ್ಮ ಮಳೆಗಾಲದಲ್ಲಿ ಈ ನಿಯಮ ಮೀರಿದ ಕಾರನ್ನು ಗುರುತಿಸುವುದು ಸುಲಭ: ಬಾಗಿಲ ಹಿಡಿಕೆಯವರೆಗೂ ಕೆಸರು.

ನಮ್ಮಲ್ಲಿ ಅಂಥ ಮಾರ್ಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದಾಯಿತು. ಸ್ಪೇಸರ್ ಹಾಕಿದರೆ ಆರ್‌ಸಿಯಲ್ಲಿ ಯಾವ ಸಾಲು ಬದಲಾಗುತ್ತದೆ ಎಂದು ವಾದಿಸುವವರಿದ್ದಾರೆ. ರಸ್ತೆಬದಿಯಲ್ಲಿ ಆ ವಾದ ಗೆಲ್ಲಲೂಬಹುದು. ಅಪಘಾತವಾದ ಮೇಲೆ ವಿಮಾ ಕಂಪನಿಯ ಸರ್ವೇಯರ್ ಎದುರು ಗೆಲ್ಲುವುದು ಕಷ್ಟ.

ನನ್ನನ್ನು ಕೇಳಿದರೆ ಇಷ್ಟೇ. ನಿಲುವು ಬದಲಾಗಲೇಬೇಕು, ದುಡ್ಡೂ ಇದೆ ಎಂದಾದರೆ, ಕಂಪನಿಯೇ ಆ ಕಾರಿಗೆ ಒಪ್ಪಿದ ಆಫ್‌ಸೆಟ್ಟಿನ ರಿಮ್ ಕೊಳ್ಳಿ. ಜೋಡಣೆಯ ಮೈ ಒಂದೇ ಉಳಿಯುತ್ತದೆ, ಮೂಲ ಬೋಲ್ಟುಗಳೇ ಸಾಕು, ಬಿಲ್ಲೆಯ ಅರ್ಧ ಮುಕ್ಕಾಲು ಕೆ.ಜಿ. ಹೆಚ್ಚುವರಿ ಭಾರವೂ ಇಲ್ಲ. ಇರುಂಗಾಟುಕೋಟೈ ರೇಸ್ ಟ್ರ್ಯಾಕಿಗೆ ಒಯ್ಯಲೆಂದೇ ಇಟ್ಟಿರುವ ಕಾರಾದರೆ, ಕಾರು ತಯಾರಕರದೋ ಪರೀಕ್ಷೆಯಾದ ಕಂಪನಿಯದೋ 5ರಿಂದ 15 ಮಿ.ಮೀ.ನೊಳಗಿನ ಸ್ಪೇಸರ್, ಅದಕ್ಕೆಂದೇ ಮಾಡಿದ ಬೋಲ್ಟುಗಳೊಂದಿಗೆ, ಅಡ್ಡಿಯಿಲ್ಲ. ದಿನಾ ಆಫೀಸಿಗೆ ಓಡಿಸುವ ಕಾರಿಗೆ 25 ಮಿ.ಮೀ. ಬಿಲ್ಲೆ ಬೇಡ.

ಈಗಾಗಲೇ ಹಾಕಿಸಿಕೊಂಡು ಓಡಾಡುತ್ತಿರುವವರಲ್ಲಿ ಒಂದು ಕೋರಿಕೆ. ಮುಂದಿನ ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಕಡೆ ಹೊರಡುವ ಮುಂಚೆ, ಚಕ್ರಗಳು ತಣ್ಣಗಿರುವಾಗಲೇ, ಪ್ರತಿಯೊಂದು ಬೋಲ್ಟಿಗೂ ಟಾರ್ಕ್ ರೆಂಚ್ ಇಟ್ಟು ನೋಡಿ. ಹೇಳಿದ ಬಿಗಿಗೆ ಟಿಕ್ ಎನ್ನುವ ಮುನ್ನ ಒಂದು ಬೋಲ್ಟು ತಿರುಗಿದರೂ, ಅವತ್ತು ಕಾರು ಮನೆಯಲ್ಲೇ ಇರಲಿ.